ತೆರೆರೆ ಚೆಲ್ಲಿದ ಕಾರುಗಳ ಬಾಲ್ಬಿನಾ

ಬೆಳಕು ಇನ್ನೂ ಮಾವಿನ ಮರದ ತುದಿಯಲ್ಲೇ ಇದೆ. ಪರಗ್ವೆಯ ಲುಕೆ ಪಟ್ಟಣದ ಹಿತ್ತಲೊಂದರಲ್ಲಿ ಬಾಲ್ಬಿನಾ ಒಹೆದಾ ದೊಡ್ಡ ಜರ್ಮನ್ ಕಾರಿನ ಬಾಗಿಲು ತೆಗೆದು, ಕೆಂಪು ಮಣ್ಣಿನ ಮೇಲೆ ಮೊಣಕಾಲೂರಿ ಕೂತಿದ್ದಾರೆ. ಚಾಲಕನ ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದ ಕಾರ್ಪೆಟ್ಟನ್ನು ಎರಡು ಬೆರಳಲ್ಲಿ ಎತ್ತಿ, ಮೂಗಿನ ಹತ್ತಿರ ತಂದು ಮೂಸುತ್ತಾರೆ.

"ಪುದೀನ," ಎನ್ನುತ್ತಾರೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ.

ಹಿಂದೆ ನಿಂತಿರುವ ಕಾರಿನ ಒಡೆಯ ಆರ್ಸೆನಿಯೊ ಇಡೀ ರಾತ್ರಿ ಮಲಗಿದಂತಿಲ್ಲ. ಗೇರು ಎರಡರಲ್ಲೇ ಸಿಕ್ಕಿಕೊಂಡಿದೆ. ರಸ್ತೆಯಲ್ಲಿ ವಾಹನಗಳು ಏಳುವ ಮೊದಲೇ ಹೊರಟು, ಎತ್ತಿನ ಗಾಡಿಯ ವೇಗದಲ್ಲಿ ಇಲ್ಲಿಗೆ ತಲುಪಿದ್ದಾನೆ. ಕಂಪನಿಯ ಶೋರೂಮಿನಲ್ಲಿ ಕೊಟ್ಟ ಅಂದಾಜು ಪಟ್ಟಿ ಅವನ ಅಂಗಿಯ ಜೇಬಿನಲ್ಲಿದೆ. ಹೊಸ ಕಂಟ್ರೋಲ್ ಬಾಕ್ಸು, ಜೊತೆಗೆ ಹೊಸ ಗೇರ್‌ಬಾಕ್ಸು: ಇಲ್ಲಿನ ದುಡ್ಡಿನಲ್ಲಿ ನಾಲ್ಕು ಕೋಟಿ ಗ್ವಾರನಿ. ಕಾರು ಕೊಂಡ ಬೆಲೆಯೇ ಅದರ ಎರಡರಷ್ಟಿರಲಿಲ್ಲ.

ಇದು ಅವನ ಶೋಕಿಯ ಕಾರಲ್ಲ, ಹೊಟ್ಟೆಪಾಡಿನ ಕಾರು. ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟದ್ದು ಚಿಲಿಯ ಬಂದರಿಗೆ ಬಂದು, ಅಲ್ಲಿಂದ ಬೆಟ್ಟ ದಾಟಿ ಪರಗ್ವೆಗೆ ಇಳಿದಿದೆ. ಮದುವಣಗಿತ್ತಿಯರನ್ನೂ ಹದಿನೈದು ತುಂಬಿದ ಸಂಭ್ರಮದ ಹುಡುಗಿಯರನ್ನೂ ಅದರಲ್ಲಿ ಕೂರಿಸಿಕೊಂಡು, ಮುಂದೆ ಬಿಳಿ ರಿಬ್ಬನ್ ಕಟ್ಟಿ, ಅರೆಗ್ವಾದಿಂದ ಅಸುನ್ಸಿಯೋನ್‌ವರೆಗೆ ಓಡಾಡುತ್ತಾನೆ. ಈ ಶನಿವಾರ ಸಂಜೆಗೂ ಒಬ್ಬ ಹುಡುಗಿ ಕಾಯುತ್ತಿದ್ದಾಳೆ. ಇವತ್ತು ಗುರುವಾರ. ಮಧ್ಯಾಹ್ನಕ್ಕೆ ಗುಜರಿ ವ್ಯಾಪಾರಿ ಎಳೆಯುವ ಲಾರಿ ತರುತ್ತಾರೆ. ಬಾಲ್ಬಿನಾ ಕೈಯಲ್ಲಿ ಆಗದು ಎಂದರೆ ಕಾರು ಬಿಡಿಬಿಡಿಯಾಗಿ ಮಾರಾಟವಾಗುತ್ತದೆ, ಆರ್ಸೆನಿಯೊ ಮತ್ತೆ ಯಾರದೋ ಬಸ್ಸಿನ ಚಾಲಕನಾಗುತ್ತಾನೆ.

"ಕಾರಲ್ಲಿ ಏನಾದ್ರೂ ಚೆಲ್ಲಿತ್ತಾ?" ಎಂದು ಬಾಲ್ಬಿನಾ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಇಲ್ಲ, ಏನೂ ಚೆಲ್ಲಿಲ್ಲ. ಅವರು ಕೇಳುವುದು ಬೇರೆ.

"ತೆರೆರೆಗೆ ಏನು ಸೊಪ್ಪು ಹಾಕ್ತೀರಪ್ಪಾ, ನಿಮ್ಮನೇಲಿ?"

ಆರ್ಸೆನಿಯೊನ ಮುಖ ಅರಳುತ್ತದೆ. ಹಿರಿಯ ಹೆಂಗಸರನ್ನು ಕರೆಯುವ ಗೌರವದ 'ಞಾ' ಸೇರಿಸಿ ಹೇಳುತ್ತಾನೆ: "ಪುದೀನ, ಞಾ ಬಾಲ್ಬಿನಾ. ಒಂದೊಂದು ಸಲ ನಿಂಬೆಹುಲ್ಲು. ನಮ್ಮಮ್ಮನೇ ಕುಟ್ಟಿ ಹಾಕೋದು. ಗಾಡಿ ಓಡಿಸೋವಾಗ ಪಕ್ಕದಲ್ಲಿ ಕೂತು ಲೋಟ ತುಂಬಿಸಿ ತುಂಬಿಸಿ ಕೊಡ್ತಾಳೆ, ಅವಳ ಕೈ ರುಚಿ ಯಾರಿಗೂ ಬರಲ್ಲ."

ಅಷ್ಟು ಸಾಕು. ಐಸು ಹಾಕಿದ ನೀರಿನ ಥರ್ಮಾಸು, ಚಹಾದಂಥ ಯೆರ್ಬಾ ಎಲೆ ತುಂಬಿದ ಕೊಂಬಿನ ಲೋಟ, ಅದರಲ್ಲೊಂದು ಲೋಹದ ಕೊಳವೆ: ಇದೇ ತೆರೆರೆ, ಇದಿಲ್ಲದೆ ಈ ದೇಶದಲ್ಲಿ ಯಾರೂ ಕಾರು ಹತ್ತುವುದಿಲ್ಲ. ಜರ್ಮನಿಯಲ್ಲಿ ಕಾರು ರೂಪಿಸಿದವರಿಗೆ ಇದು ಗೊತ್ತಿರಲಿಲ್ಲ. ಗೇರಿಗೆ ಬುದ್ಧಿ ಹೇಳುವ ಪೆಟ್ಟಿಗೆಯನ್ನು ಅವರು ಇಟ್ಟದ್ದು ಲೋಟ ತುಂಬಿಸುವವರ ಕಾಲಬುಡದಲ್ಲಿ, ಕಾರ್ಪೆಟ್ಟಿನ ಅಡಿಯಲ್ಲಿ.

ಬಾಲ್ಬಿನಾರ ಅಪ್ಪ ಬೆಳ್ಳಿ ಎಳೆಯ ಕುಸುರಿ ಕೆಲಸದವರು. ಕೂದಲಿಗಿಂತ ಸ್ವಲ್ಪ ದಪ್ಪದ ಬೆಳ್ಳಿ ತಂತಿಯನ್ನು ಸುರುಳಿ ಸುತ್ತಿ, ಬೆಸೆದು, ಓಲೆ ಉಂಗುರ ಮಾಡುತ್ತಿದ್ದ ಕೈ. ಲುಕೆಯ ಆ ಬೀದಿಯಲ್ಲಿ ಮನೆಮನೆಯಲ್ಲೂ ಅದೇ ಕೆಲಸ. ಮಗಳು ಶಾಲೆಯಿಂದ ಬಂದು ಅಪ್ಪನ ಎದುರು ಕೂತು ಬೆಸುಗೆ ಕಲಿತರು. ಆಮೇಲೆ ಅಚ್ಚಿನ ಒಡವೆಗಳು ಬಂದವು, ಕೈಕೆಲಸದ ಓಲೆ ಕೇಳುವವರು ಕಡಿಮೆಯಾದರು. ಅಪ್ಪನ ಕಣ್ಣೂ ಮಂಜಾಯಿತು. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ಅರ್ಜೆಂಟೀನಾಕ್ಕೆ ಕೆಲಸಕ್ಕೆ ಹೋದವರು ಕಾಗದ ಬರೆಯುವುದನ್ನೂ ನಿಲ್ಲಿಸಿದರು. ಬಾಲ್ಬಿನಾ ಮೊದಲು ರೇಡಿಯೊ, ನಂತರ ಟಿವಿ, ಮತ್ತೆ ಬಟ್ಟೆ ಒಗೆಯುವ ಯಂತ್ರಗಳ ಬೋರ್ಡು ಬೆಸೆದರು. ಕಾರು ಬಂದದ್ದು ಎಲ್ಲಕ್ಕಿಂತ ಕೊನೆಗೆ, ಪಕ್ಕದ ಮನೆಯವರ ದೊಡ್ಡ ಗಾಡಿ ಮಳೆಗಾಲದಲ್ಲಿ ನಿಂತುಹೋದಾಗ.

"ಬೆಳ್ಳಿ ಆದ್ರೇನು, ತವರ ಆದ್ರೇನು," ಎನ್ನುತ್ತಾರೆ, ತಮ್ಮ ಬಗ್ಗೆ ಬರೆಯಲು ಬಂದ ನನಗೆ. "ಶಾಖ ಜಾಸ್ತಿ ಆದ್ರೆ ಎರಡೂ ಮುನಿಸ್ಕೊಳ್ಳುತ್ವೆ. ಬೆಳ್ಳಿ ಕೆಲಸದಲ್ಲಿ ತಪ್ಪಿದ್ರೆ ಅಪ್ಪ ಮಾತ್ರ ಬೈತಿದ್ರು. ಇಲ್ಲಿ ಒಂದು ಸಂಸಾರವೇ ಮುಂದೆ ನಿಂತ್ಕೊಂಡು ನನ್ನ ಕೈ ನೋಡ್ತಿರುತ್ತೆ."

ದಿನಕ್ಕೆ ನಾಲ್ಕೈದು ಮಂದಿ ಬರುತ್ತಾರೆ, ಎಲ್ಲರ ಕೈಯಲ್ಲೂ ಒಂದು ಅಂದಾಜು ಪಟ್ಟಿ. ಅರ್ಧದಷ್ಟು ಮಂದಿಯನ್ನು ಬಾಲ್ಬಿನಾ ವಾಪಸು ಶೋರೂಮಿಗೇ ಕಳಿಸುತ್ತಾರೆ. ಬ್ರೇಕು, ಏರ್‌ಬ್ಯಾಗು, ಸ್ಟೀರಿಂಗು: ಇವನ್ನು ಮುಟ್ಟುವುದಿಲ್ಲ. ಶೋರೂಮಿನವರನ್ನು ಕಳ್ಳರು ಎಂದು ಯಾರಾದರೂ ಬೈದರೆ ಅವರಿಗೆ ಇಷ್ಟವಾಗುವುದಿಲ್ಲ.

"ಅವರೇನು ಸುಳ್ಳು ಹೇಳ್ತಿಲ್ಲಪ್ಪ. ಪೆಟ್ಟಿಗೆ ಬಿಚ್ಚಬಾರದು, ಬದಲಾಯಿಸಬೇಕು ಅನ್ನೋದು ಅವರ ಕಂಪನಿ ಕಾನೂನು. ಹೊಸದು ಹಾಕಿದ್ರೆ ಎರಡು ವರ್ಷ ಜವಾಬ್ದಾರಿನೂ ಅವರದೇ. ನಾನು ಏನು ಬರ್ಕೊಡ್ಲಿ? ಕೆಟ್ರೆ ಮತ್ತೆ ಬನ್ನಿ, ನಾನು ಇಲ್ಲೇ ಇರ್ತೀನಿ ಅಂತೀನಿ. ಅದಕ್ಕೆ ಸೀಲು ಇಲ್ಲ."

ಅಲ್ಲಿನ ಕೌಂಟರಿನ ಹುಡುಗರೇ ಕೆಲವು ಗಿರಾಕಿಗಳಿಗೆ ತಗ್ಗಿದ ದನಿಯಲ್ಲಿ ಈ ವಿಳಾಸ ಹೇಳುವುದುಂಟು. ಗೇಟಿನ ಮೇಲೆ ಹೆಸರಿನ ಫಲಕವಿಲ್ಲ. ಮಾವಿನ ಮರ, ಹಸಿರು ಗೇಟು ಎಂದರೆ ಸಾಕು.

ಬಿಸಿಲು ಏರಿದೆ. ಪೆಟ್ಟಿಗೆ ಈಗ ಅಪ್ಪನ ಹಳೆಯ ಮೇಜಿನ ಮೇಲೆ ತೆರೆದುಕೊಂಡಿದೆ. ಬೋರ್ಡಿನ ಒಂದು ಮೂಲೆಯಲ್ಲಿ ಹಸಿರು ಹುಡಿ, ಉಪ್ಪು ಹಿಡಿದ ಹಾಗೆ. ಮರದ ಕೆಳಗೆ ಕುರ್ಚಿಯಲ್ಲಿ ಆರ್ಸೆನಿಯೊನ ತಾಯಿ ಞಾ ತೊಮಾಸಾ ಕೂತಿದ್ದಾರೆ. ಮಗನ ಜೊತೆ ಕಾರಿನಲ್ಲೇ ಬಂದವರು. ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದಿದ್ದಾರೆ, ಬಂದಾಗಿನಿಂದ ಕೆಳಗಿಟ್ಟಿಲ್ಲ. ಬೀದಿಯಲ್ಲಿ ಚೀಪಾ ರೊಟ್ಟಿ ಮಾರುವವಳು ಕೂಗಿದರೆ ಎಲ್ಲರೂ ತಿರುಗುತ್ತಾರೆ, ತೊಮಾಸಾ ಮಾತ್ರ ಮೇಜಿನಿಂದ ಕಣ್ಣು ತೆಗೆಯುವುದಿಲ್ಲ.

ಹೇಳಿದ ಹೊತ್ತಿಗಿಂತ ಮೊದಲೇ ಗುಜರಿ ವ್ಯಾಪಾರಿ ದೋನ್ ಫ್ರೊಯ್ಲಾನ್ ಬರುತ್ತಾರೆ. ದಪ್ಪ ಮನುಷ್ಯ, ಬಾಯ್ತುಂಬ ನಗು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾಗಿಲನ್ನು ಕುದುರೆಯ ಬೆನ್ನಿನ ಹಾಗೆ ತಟ್ಟುತ್ತಾರೆ.

"ಏನಮ್ಮ ಡಾಕ್ಟ್ರೇ, ರೋಗಿ ಉಸಿರಾಡ್ತಿದ್ದಾನೋ? ಇಲ್ಲ ನಾನು ಹೂವಿನ ಹಾರ ತರಬೇಕೋ?"

"ಹಾರ ನಿಮಗೇ ಇಟ್ಕೊಳ್ಳಿ, ಬೊಜ್ಜು ನೋಡಿದ್ರೆ ಬೇಗ ಬೇಕಾಗೋ ಹಾಗಿದೆ," ಎನ್ನುತ್ತಾರೆ ಬಾಲ್ಬಿನಾ, ತಲೆ ಎತ್ತದೆ. "ಕೂತ್ಕೊಳ್ಳಿ ದೋನ್ ಫ್ರೊಯ್ಲಾನ್. ಲೋಟ ಅಲ್ಲೇ ಇದೆ."

ಫ್ರೊಯ್ಲಾನ್ ಕೂತು ತೆರೆರೆ ಹೀರುತ್ತಾರೆ. "ದುಡ್ಡು ಜೇಬಲ್ಲಿ ಬೆವರ್ತಾ ಇದೆ ಆರ್ಸೆನಿಯೊ. ಇವತ್ತಿನ ಬೆಲೆ ಇವತ್ತಿಗೆ. ನಾಳೆ ನಾನು ಬೇರೆ ಕಡೆ ಗಾಡಿ ತಗೊಂಡ್ರೆ, ನಿನ್ನದು ಬರೀ ಕಬ್ಬಿಣ."

ಆರ್ಸೆನಿಯೊ ಬಾಲ್ಬಿನಾರ ಬೆನ್ನ ಹಿಂದೆ ನಿಂತು, ಮೂಗಿನಲ್ಲಿ ಉಸಿರು ಬಿಡುತ್ತಾನೆ.

ಬಾಲ್ಬಿನಾ ಸ್ಪಿರಿಟ್ಟಿನ ಸೀಸೆ ತೆಗೆದು, ಅದರಲ್ಲಿ ಮೆತ್ತನೆಯ ಬ್ರಷ್ ಅದ್ದುತ್ತಾರೆ. ಬೋರ್ಡಿಗೆ ತಾಗಿಸುವ ಮೊದಲು ಕೈ ನಿಲ್ಲಿಸಿ, ಯಾರ ಮುಖವನ್ನೂ ನೋಡದೆ ಮಾತಾಡುತ್ತಾರೆ.

"ಬರೀ ನೀರು ಮತ್ತು ಪುದೀನ ಆದ್ರೆ ಸ್ಪಿರಿಟ್ ಸಾಕು. ಒಂದು ಗಂಟೇಲಿ ಒಣಗುತ್ತೆ, ಕರೆಂಟ್ ಕೊಟ್ಟು ನೋಡಬಹುದು. ಆದ್ರೆ ಸಿಹಿ ಇದ್ರೆ ಸ್ಪಿರಿಟ್ಟಿಗೆ ಬಗ್ಗಲ್ಲ. ಸಕ್ಕರೆ ಇನ್ನಷ್ಟು ಹರಡಿ ಅಂಟ್ಕೊಳ್ಳುತ್ತೆ. ಸ್ವಿಚ್ ಹಾಕಿದ ಕೂಡ್ಲೇ ಚಿಪ್‌ನ ಒಂದು ಕಾಲಿಂದ ಇನ್ನೊಂದು ಕಾಲಿಗೆ ಕರೆಂಟ್ ಹರಿದು ಸುಟ್ಟುಹೋಗುತ್ತೆ. ಆಮೇಲೆ ನನ್ನ ಕೈಲೂ ಆಗಲ್ಲ, ನಮ್ಮಪ್ಪ ಎದ್ದು ಬಂದ್ರೂ ಆಗಲ್ಲ. ಸಿಹಿಗೆ ಬೆಚ್ಚಗಿನ ಬ್ಯಾಟರಿ ನೀರಲ್ಲಿ, ಉಪ್ಪಿಲ್ಲದ ಶುದ್ಧ ನೀರಲ್ಲಿ, ಮೂರು ನಾಲ್ಕು ಸಲ ತೊಳೀಬೇಕು. ಚಿಪ್‌ ಅಡಿಗೆ ಹೋದ ನೀರು ಒಣಗೋಕೆ ನಾಳೆವರೆಗೆ ಹಿಡಿಯುತ್ತೆ."

"ನಾಳೆವರೆಗೆ?" ಫ್ರೊಯ್ಲಾನ್ ಲೋಟ ಕೆಳಗಿಡುತ್ತಾರೆ.

"ಬರೀ ಪುದೀನ ಞಾ ಬಾಲ್ಬಿನಾ, ನಾನೇ ಕುಡಿಯೋದಲ್ವಾ," ಎನ್ನುತ್ತಾನೆ ಆರ್ಸೆನಿಯೊ. "ಹಾಕಿ ಸ್ಪಿರಿಟ್ಟು."

ಬಾಲ್ಬಿನಾ ಹಾಕುವುದಿಲ್ಲ. ಬ್ರಷ್ಷಿನ ತುದಿಯಿಂದ ಒಂದು ಹನಿ ಮೇಜಿನ ಮೇಲೆ ಬಿದ್ದು ಆರುತ್ತದೆ. ಮರದಲ್ಲಿ ಗಿಳಿಗಳು ಅರೆಹಣ್ಣು ಕುಕ್ಕಿ ಬೀಳಿಸುತ್ತಿವೆ. ಬಾಲ್ಬಿನಾ ಕಾಯುತ್ತಾರೆ, ಬೆಸುಗೆ ಆರಲು ಕಾಯುವವರ ಹಾಗೆ.

"ತಡೀರಿ," ಎನ್ನುತ್ತಾರೆ ತೊಮಾಸಾ.

ಕೈಚೀಲದ ಮೇಲಿನ ಬೆರಳುಗಳು ಬಿಗಿಯಾಗಿವೆ. "ಕಿತ್ತಳೆ ರಸ. ಸಕ್ಕರೆ ಹಾಕಿದ್ದು. ಜಾಸ್ತಿನೇ ಹಾಕಿದ್ದು."

"ಮಮಾ, ನನ್ನ ಥರ್ಮಾಸಲ್ಲಿ ಯಾವತ್ತು ಕಿತ್ತಳೆ ಇತ್ತು?"

"ನಿನ್ನ ಥರ್ಮಾಸು ಬೇರೆ, ನನ್ನ ಥರ್ಮಾಸು ಬೇರೆ. ನನ್ನದು ಚೀಲದಲ್ಲಿರುತ್ತೆ."

"ಸಕ್ಕರೆ ಕಾಯಿಲೆ ಇಟ್ಕೊಂಡು? ಡಾಕ್ಟ್ರು ನಿನಗೆ ಏನು ಹೇಳಿದ್ರು?"

"ಡಾಕ್ಟ್ರು ಕಾರಲ್ಲಿ ಇರಲಿಲ್ಲ." ತೊಮಾಸಾ ಒಮ್ಮೆ ಮೂಗೊರೆಸಿಕೊಳ್ಳುತ್ತಾರೆ. "ಮನೇಲಿ ನಿನ್ನ ಹೆಂಡ್ತಿ ಸಕ್ಕರೆ ಡಬ್ಬಿ ಕಾಯ್ತಾಳೆ. ಹುಡುಗಿ ಚರ್ಚ್ ಒಳಗೆ ಹೋದ ಮೇಲೆ, ನೀನು ಫೋಟೋದವನ ಜೊತೆ ಹರಟೆ ಹೊಡೀತಾ ನಿಲ್ತೀಯ. ಆವಾಗ ಒಂದೆರಡು ಗುಟುಕು. ಅವತ್ತು ನೀನು ಇದ್ದಕ್ಕಿದ್ದ ಹಾಗೆ ಬಂದೆ. ಗಾಬರಿಯಲ್ಲಿ ಮುಚ್ಚಳ ಹಾಕೋಕೆ ಹೋದೆ, ಎಲ್ಲಾ ಕಾಲಡಿಗೆ ಹೋಯ್ತು. ಸ್ಕರ್ಟಿಂದ ಒರೆಸಿದೆ. ಒಂದು ಲೋಟ ರಸಕ್ಕೆ ಇಷ್ಟು ದೊಡ್ಡ ಕಾರು ಕಾಯಿಲೆ ಬೀಳುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಫ್ರೊಯ್ಲಾನ್ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಾರೆ. ಬಾಲ್ಬಿನಾ ಸ್ಪಿರಿಟ್ಟಿನ ಸೀಸೆಯ ಮುಚ್ಚಳ ತಿರುಗಿಸಿ ಪಕ್ಕಕ್ಕಿಟ್ಟು, ಬ್ಯಾಟರಿ ನೀರು ಬೆಚ್ಚಗಾಗಲು ಒಲೆಯ ಮೇಲೆ ಇಡುತ್ತಾರೆ. ಆಮೇಲೆ ಆರ್ಸೆನಿಯೊನತ್ತ ತಿರುಗುತ್ತಾರೆ.

"ನಾಳೆ ಮಧ್ಯಾಹ್ನದವರೆಗೆ ನನಗೆ ಗೊತ್ತಾಗಲ್ಲ. ಬದುಕಬಹುದು, ಬದುಕದೇ ಇರಬಹುದು. ದೋನ್ ಫ್ರೊಯ್ಲಾನ್ ಕೈಲಿರೋದು ಖಂಡಿತ, ನನ್ನ ಕೈಲಿರೋದು ಖಂಡಿತ ಅಲ್ಲ. ನೀವು ಅದನ್ನೇ ತಗೊಂಡ್ರೆ ನನಗೇನೂ ಬೇಜಾರಿಲ್ಲ. ಯೋಚನೆ ಮಾಡಿ ಹೇಳಿ."

ಆರ್ಸೆನಿಯೊ ಕಾರನ್ನು ನೋಡುತ್ತಾನೆ. ಲಾರಿಯನ್ನು ನೋಡುತ್ತಾನೆ. ಕೊನೆಗೆ ತಾಯಿಯನ್ನು. ಈಗ ಕಾರು ಮಾರಿದರೆ, ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಈ ಕಿತ್ತಳೆ ರಸ ಅವರಿಬ್ಬರ ನಡುವೆ ಇರುತ್ತದೆ. ಅವನು ಅದನ್ನೇ ಯೋಚಿಸಿದನೋ ಇಲ್ಲವೋ, ಗೊತ್ತಿಲ್ಲ. ಹೇಳಿದ್ದು ಇಷ್ಟೇ:

"ದೋನ್ ಫ್ರೊಯ್ಲಾನ್, ನೀವು ಹೊರಡಿ. ಬಿಸಿಲು ಜಾಸ್ತಿ ಆಗ್ತಿದೆ."

"ಆಮೇಲೆ ನನ್ನ ಬಾಗಿಲಿಗೆ ಬಂದು ಅತ್ತರೆ?"

"ಅತ್ತರೆ ತೆರೆರೆ ಕೊಡಿ."

ಫ್ರೊಯ್ಲಾನ್ ನಗುತ್ತಾ ಏಳುತ್ತಾರೆ. ಗೇಟಿನ ಹತ್ತಿರ ನಿಂತು ಬಾಲ್ಬಿನಾರಿಗೆ ಕೂಗುತ್ತಾರೆ, "ಡಾಕ್ಟ್ರೇ, ಅಜ್ಜಿ ಬಾಯಿ ಬಿಡದೇ ಇದ್ದಿದ್ರೆ?"

"ಕಾಯ್ತಿದ್ದೆ," ಎನ್ನುತ್ತಾರೆ ಬಾಲ್ಬಿನಾ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬೋರ್ಡು ಬಟ್ಟೆಯ ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಒಣಗಿದೆ. ತಿಂದುಹೋದ ಎರಡು ಎಳೆಗಳ ಜಾಗದಲ್ಲಿ ಬಾಲ್ಬಿನಾ ಹೊಸ ತಂತಿ ಬೆಸೆದಿದ್ದಾರೆ. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು, ಉಸಿರು ಬಿಗಿಹಿಡಿದು ಮಾಡುವ ಕೆಲಸ. ಪೆಟ್ಟಿಗೆಯನ್ನು ಕಾರಿಗೆ ಕೂರಿಸುವಾಗ ಅವರ ಕತ್ತಿನ ಹಿಂದೆ ಬೆವರು ಇಳಿಯುತ್ತದೆ. ಕೀಲಿ ತಿರುಗಿಸಲು ಆರ್ಸೆನಿಯೊಗೆ ಹೇಳಿ, ತಾವು ಕಾರಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಯಾವಾಗಲೂ ಹಾಗೆಯೇ. ಎಷ್ಟು ವರ್ಷವಾದರೂ ಆ ಒಂದು ಕ್ಷಣವನ್ನು ನೋಡಲು ಧೈರ್ಯ ಬಂದಿಲ್ಲ.

ಎಂಜಿನ್ನಿನ ಸದ್ದು. ಗೇರು ಬಿದ್ದ ಸಣ್ಣ ಕುಲುಕು. ಕಾರು ಹಿಂದಕ್ಕೆ ಸರಿಯುತ್ತದೆ, ಮುಂದಕ್ಕೆ ಬರುತ್ತದೆ, ಗೇಟು ದಾಟಿ ಬೀದಿಗಿಳಿಯುತ್ತದೆ. ಎರಡನೆಯದರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಹೋದ ಸದ್ದನ್ನು ಬಾಲ್ಬಿನಾ ಗೇಟಿನ ಕಂಬ ಹಿಡಿದು ಕೇಳಿಸಿಕೊಳ್ಳುತ್ತಾರೆ. ತೊಮಾಸಾ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ.

ಸಂಜೆ, ಏನಾದರೂ ಆಸೆ ಉಂಟೇ ಎಂದು ನಾನು ಕೇಳಿದ್ದಕ್ಕೆ ಬಾಲ್ಬಿನಾ ಮೇಜು ಒರೆಸುತ್ತಲೇ ಹೇಳುತ್ತಾರೆ: "ಕೆಲಸ ಚೆನ್ನಾಗಾಯ್ತು ಅಂತ ಹೇಳೋಕೆ ಯಾರೂ ಫೋನ್ ಮಾಡಲ್ಲ. ಕೆಟ್ಟಾಗ ಮಾತ್ರ ಮಾಡ್ತಾರೆ. ನಾಳೆ ಆ ಹುಡುಗಿ ಕಾರಿಂದ ಇಳಿಯೋವರೆಗೆ ಫೋನ್ ಬರದೇ ಇದ್ರೆ ಸಾಕು."

ಶನಿವಾರ ಫೋನು ಬರುವುದಿಲ್ಲ. ಭಾನುವಾರ ಬೆಳಿಗ್ಗೆ, ಬಾಲ್ಬಿನಾ ಚರ್ಚಿನ ಪೂಜೆಗೆ ಹೊರಡಲು ತಲೆ ಬಾಚಿಕೊಳ್ಳುತ್ತಿರುವಾಗ, ಬರುತ್ತದೆ. ತೊಮಾಸಾ. ಬಾಲ್ಬಿನಾ ಗೋಡೆಗೆ ಕೈಯೂರಿ ನಿಲ್ಲುತ್ತಾರೆ.

ಆ ಕಡೆಯಿಂದ ಒಂದೇ ಸಮನೆ ದೂರು. ಮಗ ಥರ್ಮಾಸು ಕಿತ್ತುಕೊಂಡಿದ್ದಾನೆ. ಸೊಸೆಗೆ ಎಲ್ಲವನ್ನೂ ಹೇಳಿದ್ದಾನೆ. ಈಗ ಬರೀ ಪುದೀನ ನೀರು, ಆಸ್ಪತ್ರೆಯ ಹಾಗೆ. ನಿನ್ನೆ ಚರ್ಚ್ ಮುಂದೆ ಫೋಟೋದವನ ಹತ್ತಿರಕ್ಕೂ ಹೋಗಲಿಲ್ಲ, ಕಾರಿಗೆ ಒರಗಿ ತಾಯಿಯನ್ನೇ ಕಾಯುತ್ತಾ ನಿಂತಿದ್ದ. ಇದಕ್ಕೆಲ್ಲ ಞಾ ಬಾಲ್ಬಿನಾನೇ ಹೊಣೆ.

ಬಾಲ್ಬಿನಾ ಹೂಂಗುಟ್ಟುತ್ತಾರೆ, ಸಮಾಧಾನ ಹೇಳುತ್ತಾರೆ, ಕೊನೆಗೆ ಫೋನ್ ಇಡುತ್ತಾರೆ. ಬಾಚಣಿಗೆ ಇನ್ನೂ ಕೈಯಲ್ಲೇ ಇದೆ.

"ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ," ಎನ್ನುತ್ತಾರೆ, ನನ್ನತ್ತ ತಿರುಗಿ. ಮುಖ ಮೆಲ್ಲಗೆ ಸಡಿಲವಾಗುತ್ತದೆ. "ಒಂದೇ ಒಂದು ಮಾತೂ ಆಡಲಿಲ್ಲ ನೋಡಿ."