ಡೈನಮೋದ ಬೆನ್ನಿಗೆ ಸ್ಕ್ರೂಡ್ರೈವರ್

ಹೈದರಾಬಾದಿನ ನಾಚಾರಂ, ಮಧ್ಯಾಹ್ನದ ಬಿಸಿಲು. ಬೀದರಿನ ನನ್ನ ಫಾರಂಗೆ ಹೊರಟ ಲಾರಿಯ ತುಂಬ ಒಂದು ದಿನದ ಕೋಳಿಮರಿಗಳಿವೆ. ಅವಕ್ಕೆ ಗಾಳಿ ಬೀಸುವ ಫ್ಯಾನುಗಳು ತಿರುಗುವುದು ಲಾರಿಯ ಬ್ಯಾಟರಿಯಿಂದ. ಅದರ ಸಡಿಲ ತಂತಿಯನ್ನು ಬಿಗಿಯುವಾಗ ಡ್ರೈವರ್ ಬಸಣ್ಣನ ಸ್ಪ್ಯಾನರ್ ಲಾರಿಯ ಕಬ್ಬಿಣದ ಮೈಗೆ ತಗುಲಿ ಕಿಡಿ ಹಾರಿತು. ಅಲ್ಲಿಗೆ ಡೈನಮೋದಿಂದ ಬ್ಯಾಟರಿಗೆ ಬರುವ ಚಾರ್ಜಿಂಗ್ ನಿಂತಿತು, ಫ್ಯಾನುಗಳು ನಿಧಾನವಾದವು.

ರಸ್ತೆ ಬದಿಯ ಎಲೆಕ್ಟ್ರಿಷಿಯನ್ ಮಸ್ತಾನ್ ಸಾಹೇಬರು ನಮ್ಮ ಮಾತು ಕೇಳಿದೊಡನೆ ಹಿಂದಿ ಬಿಟ್ಟು ಕನ್ನಡಕ್ಕೆ ಬಂದರು. ಮೀಟರ್ ತರುತ್ತಾರೆಂದುಕೊಂಡರೆ, ಎಂಜಿನ್ ನಿಲ್ಲಿಸಿ, ಕೀಲಿಯನ್ನಷ್ಟೇ ತಿರುಗಿಸಿಟ್ಟು, ಡೈನಮೋದ ಬೆನ್ನಿಗೆ ಸ್ಕ್ರೂಡ್ರೈವರ್ ಹಿಡಿದರು. ಅದು ಜಾರಿ ಬಿತ್ತು.

“ಎಳ್ಯಾಕತ್ತಿಲ್ಲ ನೋಡ್ರಿ. ಒಳಗ ಕರೆಂಟ್ ಬಂದ್ರ ಇದು ಅಯಸ್ಕಾಂತ ಆಗ್ತೈತಿ.”

“ಲಗೂ ಮಾಡ್ರಿ ಸಾಹೇಬ್ರ, ಮರಿ ಸಾಯ್ತಾವ,” ಎಂದ ಬಸಣ್ಣ.

ಹಿಂದಿನಿಂದ ಮರಿಗಳ ಚಿಂವ್‌ಚಿಂವ್ ಕೇಳುತ್ತಿತ್ತು. ಅದು ತೆಳ್ಳಗಾಗುತ್ತಿದೆ ಎನಿಸಿತು. ಸಾಹೇಬರು ಸುಟ್ಟ ಫ್ಯೂಸ್ ಕಿತ್ತು ಹೊಸದು ಹಾಕಿದರು. ಈ ಸಲ ಸ್ಕ್ರೂಡ್ರೈವರ್ ಟಕ್ಕನೆ ಅಂಟಿಕೊಂಡಿತು.

“ಬ್ಯಾಟರಿ ಭಾಳ ಇಳದೈತಿ. ಕರೆಂಟ್ ನೋಡಿ ಖರ್ಚು ಮಾಡ್ರಿ, ಫ್ಯಾನಿಗೆ ಬೇಕಾಗ್ತೈತಿ,” ಎಂದರು.

ಲಾರಿ ಕೆಮ್ಮಿ ಕೆಮ್ಮಿ ಚಾಲೂ ಆಯಿತು. ಈಗ ಎಂಜಿನ್ನಿನ ಗದ್ದಲದಲ್ಲಿ ಮರಿಗಳ ದನಿ ಕೇಳಿಸುತ್ತಿಲ್ಲ. ಹೈದರಾಬಾದಿನ ಈ ಟ್ರಾಫಿಕ್ಕಿನಲ್ಲಿ ಬಸಣ್ಣ ಇನ್ನೂ ಒಮ್ಮೆಯೂ ಹಾರ್ನ್ ಹೊಡೆದಿಲ್ಲ.