ಬಲೆ ಎಣ್ಣೆಯ ಮಿತ್ಸುಯೋ

ಆ ದ್ವೀಪದಲ್ಲಿ ತ್ಸುಬಾಕಿ ಮರದ ಬೀಜದಿಂದ ತೆಗೆದ ಎಣ್ಣೆ ಇಲ್ಲದ ಮನೆಯಿಲ್ಲ. ಹುಟ್ಟಿದ ಮಗುವಿನ ನೆತ್ತಿಗೆ, ಉಪ್ಪುಗಾಳಿಗೆ ಒಡೆದ ಕೆನ್ನೆಗೆ, ಮದುಮಗಳ ತುರುಬಿಗೆ, ಕೊನೆಗೆ ಹೆಣದ ಕೂದಲು ಬಾಚುವುದಕ್ಕೂ ಅದೇ ಎಣ್ಣೆ. ಯಾರ ಮನೆಯ ಎಣ್ಣೆಗೂ ಪ್ರತ್ಯೇಕ ಹೆಸರಿರಲಿಲ್ಲ, ಮಿತ್ಸುಯೋಳದಕ್ಕೆ ಮಾತ್ರ ಇತ್ತು. ಅದನ್ನು ಬಲೆ ಎಣ್ಣೆ ಎನ್ನುತ್ತಿದ್ದರು. ಹೆಸರಿಟ್ಟವಳು ಅವಳ ಓರಗಿತ್ತಿ ಶಿಮಾ, ಇಟ್ಟದ್ದು ಗೇಲಿಗೆ. ಮಿತ್ಸುಯೋ ಅದನ್ನೇ ಚೀಟಿಯಲ್ಲಿ ಬರೆದು ಸೀಸೆಗಳಿಗೆ ಅಂಟಿಸತೊಡಗಿದಳು.

ಮಾವ ಬದುಕಿದ್ದಾಗಲೇ ಗುಡ್ಡದ ತ್ಸುಬಾಕಿ ಮರಗಳನ್ನು ಇಬ್ಬರು ಮಕ್ಕಳಿಗೆ ಹಂಚಿದ್ದ. ಹಿರಿಯವನಾದ ಗೆನ್‌ಜೊ ಮತ್ತು ಅವನ ಹೆಂಡತಿ ಶಿಮಾಳಿಗೆ ಮೇಲಿನ ಭಾಗ. ಅಲ್ಲಿ ನೆಲ ಸ್ವಲ್ಪ ಸಮ, ಕೂತು ಬೀಜ ಆರಿಸಬಹುದು. ಕಿರಿಯವನಾದ ಸೆಯ್‌ಕಿಚಿಗೆ, ಅಂದರೆ ಮಿತ್ಸುಯೋಳ ಗಂಡನಿಗೆ, ಕೆಳಗಿನ ಭಾಗ. ಅದು ಗೋಡೆಯ ಹಾಗೆ ಇಳಿದು ಕಡಲಿನ ಮೇಲಿನ ಬಂಡೆಯಂಚಿನಲ್ಲಿ ಮುಗಿಯುತ್ತಿತ್ತು. ಸೆಯ್‌ಕಿಚಿ ಮೀನುಗಾರ, ಮರದ ಗೊಡವೆ ಅವನಿಗೆ ಬೇಕಿರಲಿಲ್ಲ. ಒಂದು ಚಳಿಗಾಲ ಅವನ ದೋಣಿ ಹಿಂದಿರುಗಲಿಲ್ಲ. ಆಮೇಲೆ ಮಿತ್ಸುಯೋಳಿಗೆ ಉಳಿದದ್ದು ಆ ಇಳಿಜಾರು, ಕೊಟ್ಟಿಗೆಯ ತುಂಬ ಹಳೆಯ ಬಲೆಗಳು.

ತ್ಸುಬಾಕಿಯ ಕಾಯನ್ನು ಮರದಿಂದ ಕೀಳುವುದಿಲ್ಲ. ಕಿತ್ತರೆ ಎಣ್ಣೆ ಕಡಿಮೆ, ಅದಕ್ಕೊಂದು ಹಸಿ ನಾತ ಬೇರೆ. ಕಾಯಿ ತಾನಾಗಿ ಬಿರಿದು ಬೀಜ ಉದುರುವವರೆಗೆ ಕಾಯಬೇಕು. ಮೇಲಿನವರ ಬೀಜ ಹುಲ್ಲಿನ ಮೇಲೆ ನಿಲ್ಲುತ್ತಿತ್ತು. ಮಿತ್ಸುಯೋಳ ಬೀಜ ಟಣ್ ಟಣ್ ಎಂದು ಉರುಳಿ ನೀರಿಗೆ ಬೀಳುತ್ತಿತ್ತು. ಮೊದಲ ವರ್ಷ ಅವಳು ಆರಿಸಿದ್ದು ಅರ್ಧ ಬುಟ್ಟಿ.

"ನಿನ್ನ ಎಣ್ಣೆಯೆಲ್ಲ ಮೀನುಗಳ ತಲೆಗೆ ಕಣೇ," ಎಂದಳು ಶಿಮಾ. "ಇನ್ನು ಮೇಲೆ ಮೀನು ಮಾರೋರು ಅದಕ್ಕೊಂದು ತುರುಬೂ ಕಟ್ಟಿ ಕೊಡ್ತಾರೆ."

ಮಿತ್ಸುಯೋ ಮರುವರ್ಷ ಗಂಡನ ಬಲೆಗಳನ್ನು ಹೊತ್ತು ಗುಡ್ಡವಿಳಿದಳು. ಬಂಡೆಯಂಚಿನ ಮರಗಳ ಬುಡಕ್ಕೆ ಅವುಗಳನ್ನು ಬಿಗಿದು, ಹೊರಗಡೆ ಬಿದಿರಿನ ಗೂಟಗಳಿಗೆ ಎತ್ತಿ ಕಟ್ಟಿದಳು. ಉರುಳಿದ ಬೀಜವೆಲ್ಲ ಬಲೆಯ ಹೊಟ್ಟೆಗೆ ಬಿತ್ತು. ಮೇಲಿನಿಂದ ಗಡಿಯ ಕಲ್ಲುಸಾಲು ದಾಟಿ ಬಂದ ಶಿಮಾಳ ಬೀಜವೂ ಬಿತ್ತು. ಗಡಿ ದಾಟಿದ ಬೀಜ ಕೆಳಗಿನವರದ್ದು ಎಂಬುದು ಅಲ್ಲಿಯ ರೂಢಿ, ಶಿಮಾ ಬಾಯಿ ಮುಚ್ಚಿಕೊಳ್ಳಬೇಕಾಯಿತು. ಪೂರ್ತಿ ಮುಚ್ಚಲಿಲ್ಲ. ಸಿಕ್ಕಾಗಲೆಲ್ಲ, "ಎಷ್ಟು ಮೀನು ಬಿತ್ತೇ ಇವತ್ತು?" ಎಂದು ಕೇಳುವುದು ಅವಳಿಗೆ ಅಭ್ಯಾಸವಾಯಿತು.

ಬಲೆಯಿಂದ ಇನ್ನೊಂದು ಲಾಭವಾಯಿತು, ಅದನ್ನು ಮಿತ್ಸುಯೋ ಕೂಡ ಎಣಿಸಿರಲಿಲ್ಲ. ನೆಲದ ತೇವದಲ್ಲಿ ಬಿದ್ದ ಬೀಜ ಬೂಸಲು ಹಿಡಿಯುತ್ತದೆ, ಗಾಳಿಯಲ್ಲಿ ತೂಗುತ್ತಿದ್ದ ಬೀಜ ಹಿಡಿಯಲಿಲ್ಲ. ಅದನ್ನು ಒಣಗಿಸಿ, ಕುಟ್ಟಿ, ಹಬೆಯಲ್ಲಿಟ್ಟು, ಗಾಣದಲ್ಲಿ ಒತ್ತಿದಾಗ ಇಳಿದ ಎಣ್ಣೆಗೆ ನಾತವಿರಲಿಲ್ಲ, ಅಂಟಿರಲಿಲ್ಲ. ಬಾಚಣಿಗೆಗೆ ಸವರಿದರೆ ಕೂದಲು ತಾನಾಗಿ ದಾರಿ ಬಿಡುತ್ತಿತ್ತು. ಮಿತ್ಸುಯೋಳ ಸ್ವಂತ ಕೂದಲು ತೆಳು, ಕೆಂಚು, ಗಾಳಿಗೆ ಹಾರುವಂಥದ್ದು. ಅದನ್ನು ತೋರಿಸಿ ಅವಳು ಎಣ್ಣೆ ಮಾರುವಂತಿರಲಿಲ್ಲ. ಆದರೂ ಮರದ ಬಾಚಣಿಗೆ ಮಾಡುವ ಕುಶಲಿಗರು ಬಾಚಣಿಗೆ ನೆನೆಸಲು ಅವಳ ಎಣ್ಣೆಯನ್ನೇ ಕೇಳಿ ಹಡಗಿನಲ್ಲಿ ತರಿಸಿಕೊಳ್ಳತೊಡಗಿದರು. ಹೀಗೆಯೇ ಅವಳಿಗೆ ವಯಸ್ಸಾಯಿತು.

ಎಪ್ಪತ್ತು ದಾಟಿದ ವರ್ಷ, ಬೇಸಗೆ ಮುಗಿಯುವ ಹೊತ್ತಿಗೆ, ಅವಳು ಗಾಣದ ಮನೆಯ ಮೆಟ್ಟಿಲಿನಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಚಿಕಿತ್ಸಾಲಯದ ದಾದಿ ಮೊಣಕೈವರೆಗೆ ಪಟ್ಟಿ ಹಾಕಿದಳು. ನೋವಿನ ಮಾತು ಬೇರೆ. ಕೆಳಗಿನ ಇಳಿಜಾರಿನಲ್ಲಿ ಹುಲ್ಲು ಸೊಂಟದುದ್ದ ನಿಂತಿತ್ತು, ಚಿಂತೆ ಅದರದ್ದು.

ಬೀಜ ಉದುರುವ ಮೊದಲು ಮರದಡಿಯ ಹುಲ್ಲನ್ನು ಯಾರು ಕೊಯ್ದರೋ ಆ ವರ್ಷದ ಬೀಜ ಅವರದ್ದು. ಕೊಯ್ಯದೆ ಬಿಟ್ಟ ಜಾಗಕ್ಕೆ ಯಾರು ಬೇಕಾದರೂ ಬುಟ್ಟಿ ಹಿಡಿದು ಬರಬಹುದು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ. ಆದ್ದರಿಂದ ಮಿತ್ಸುಯೋ ಸಹಾಯ ಕೇಳುವಂತಿರಲಿಲ್ಲ. ಕೊಯ್ದುಕೊಟ್ಟವನ ಪಾಲಿಗೇ ಬೀಜ ಹೋಗುತ್ತಿತ್ತು. ಒಮ್ಮೆ ಹೋದ ಜಾಗವನ್ನು ಮರುವರ್ಷ ಕೇಳುವುದು ಹೇಗೆ? ಅವಳ ವಯಸ್ಸಿಗೆ ಊರವರು, ಇನ್ನು ಸಾಕು, ಕೂತು ತಿನ್ನು ಎನ್ನುತ್ತಾರೆ. ಹಾಗೆ ಅನ್ನಿಸಿಕೊಂಡ ಮುದುಕಿಯರನ್ನು ಅವಳು ನೋಡಿದ್ದಳು.

ಶಿಮಾ ಗೆಣಸು ಬೇಯಿಸಿಕೊಂಡು ಬಂದಳು. ಅವಳಿಗೂ ಎಂಬತ್ತು ಹತ್ತಿರ, ಬೆನ್ನು ಬಾಗಿದ್ದರೂ ಕೈ ಗಟ್ಟಿ.

"ನಿಮ್ಮ ಭಾವನಿಗೆ ಹೇಳ್ಲಾ? ಒಂದು ಬೆಳಗ್ಗೆ ಸಾಕು, ಕೊಯ್ದು ಹಾಕ್ತಾರೆ."

"ಕೊಯ್ದರೆ ಬೀಜ ನಿಮ್ಮದಾಗತ್ತೆ."

"ನಿನ್ನ ನಾಲ್ಕು ಮರದ ಬೀಜದಲ್ಲಿ ನಾನೇನು ಅರಮನೆ ಕಟ್ತೀನಾ?"

"ಕಟ್ಟಲ್ಲ ಅಕ್ಕ. ಆದ್ರೆ ಊರು ನೋಡತ್ತೆ. ಬರೋ ವರ್ಷ ಮಿತ್ಸುಯೋ ಮುಗಿದಳು ಅನ್ನತ್ತೆ."

"ಮುಗಿದಿಲ್ಲ ಅಂತ ನಿಂಗೆ ಯಾರು ಹೇಳಿದ್ರು?"

ಮಿತ್ಸುಯೋ ಎಡಗೈಯಲ್ಲಿ ಗೆಣಸಿನ ಸಿಪ್ಪೆ ಸುಲಿಯುತ್ತ ಕೂತಳು. ಅರ್ಧ ಸುಲಿದಾಗ ಕೆಳಗಿಟ್ಟಳು.

"ಎಡಗೈ ಇದೆ," ಎಂದಳು.

"ಎಡಗೈಯಲ್ಲಿ ಕುಡುಗೋಲು ಹಿಡೀತೀಯ. ಮರ ಹಿಡ್ಕೊಳ್ಳೋಕೆ ಏನು, ಹಲ್ಲಾ? ಅದೂ ನೆಟ್ಟಗೆ ಎಷ್ಟಿದೆ ನಿಂಗೆ?"

ಮಾತು ಸರಿಯಾಗಿತ್ತು. ಆ ಇಳಿಜಾರಿನಲ್ಲಿ ಒಂದು ಕೈ ಕೊಯ್ಯುವುದಕ್ಕೆ, ಇನ್ನೊಂದು ಕೈ ಬೀಳದಿರುವುದಕ್ಕೆ ಬೇಕು.

ಮಾರನೆಯ ಬೆಳಗ್ಗೆ ಮಿತ್ಸುಯೋ ಕೊಟ್ಟಿಗೆಯಿಂದ ಬಲೆಯ ಒಂದು ತುಂಡು ತಂದಳು. ಅದನ್ನು ಸೊಂಟದ ಸುತ್ತ, ತೊಡೆಯ ಕೆಳಗೆ ತೊಟ್ಟಿಲಿನ ಹಾಗೆ ಸುತ್ತಿ, ಹಲ್ಲಿನಿಂದ ಗಂಟು ಬಿಗಿದಳು. ಅದಕ್ಕೆ ದೋಣಿಯ ಹಗ್ಗ ಸೇರಿಸಿ ಗಡಿಯ ಮರಕ್ಕೆ ಕಟ್ಟಿ ಇಳಿದಳು. ಮೊದಲ ಮರದ ಸುತ್ತ ಕೊಯ್ದದ್ದಾಯಿತು, ವಕ್ರವಾಗಿ, ಆದರೆ ಆಯಿತು. ಮುಂದಿನ ಮರಕ್ಕೆ ಹಗ್ಗ ಸಾಲಲಿಲ್ಲ. ಸಡಿಲಿಸಬೇಕೆಂದರೆ ಮತ್ತೆ ಮೇಲೆ ಹತ್ತಬೇಕು. ಅವಳು ಹತ್ತಿದಳು, ಸಡಿಲಿಸಿದಳು, ಇಳಿದಳು. ಮೂರನೆಯ ಸಲ ಹತ್ತುವಾಗ ಅರ್ಧದಲ್ಲೇ ಕೂತುಬಿಟ್ಟಳು. ಕೆಳಗೆ ಕಡಲು ಬಂಡೆಗೆ ಬಡಿಯುತ್ತಿತ್ತು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿ, ಆಗುವುದಿಲ್ಲವೇನೋ ಎಂದು ಅವಳಿಗೆ ಅನ್ನಿಸಿತು.

ಹಗ್ಗ ತಾನಾಗಿ ಸಡಿಲವಾಯಿತು.

ಮೇಲೆ ನೋಡಿದಳು. ಗಡಿಯ ಕಲ್ಲಿನ ಆಚೆ, ತನ್ನದೇ ನೆಲದಲ್ಲಿ, ಶಿಮಾ ಕಾಲು ಚಾಚಿ ಕೂತಿದ್ದಳು. ಹಗ್ಗವನ್ನು ಮರಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಅಕ್ಕ, ಬಿಡಿ."

"ಬಿಟ್ಟರೆ ಬೀಳ್ತೀಯ."

"ನಾನು ಹೇಳಿದ್ದು..."

"ಗೊತ್ತು ಕಣೇ. ನಾನು ಹುಲ್ಲು ಮುಟ್ಟಿದ್ದೀನಾ? ನೋಡು, ಕುಡುಗೋಲು ತಂದಿಲ್ಲ. ಹಗ್ಗ ಹಿಡಿದೋರಿಗೆ ಬೀಜ ಅಂತ ಯಾವ ರೂಢೀಲಿದೆ? ಕೊಯ್ಯಿ ಸುಮ್ನೆ, ನನ್ನ ಸೊಂಟ ನೋಯ್ತಿದೆ."

ಮಿತ್ಸುಯೋ ಕೊಯ್ದಳು. ಅವಳು ಒಂದು ಕೂಗು ಹಾಕಿದರೆ ಮೇಲಿನಿಂದ ಹಗ್ಗ ಇಷ್ಟಿಷ್ಟೇ ಇಳಿಯುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದವರು ನಿಂತರು. ಗೆನ್‌ಜೊನೂ ಬಂದು ನೋಡಿದ, ಹೆಂಡತಿಯ ಪಕ್ಕ ಕೂತು ಹಗ್ಗದ ಬಾಲ ಹಿಡಿದ.

"ಏನಪ್ಪಾ ಗೆನ್‌ಜೊ, ಭಾರಿ ಮೀನಾ?" ಎಂದು ಯಾರೋ ದಾರಿಯಿಂದ ಕೂಗಿದರು.

"ಮುದಿ ಮೀನು," ಎಂದಳು ಶಿಮಾ, ಗಂಡ ಬಾಯಿ ತೆರೆಯುವ ಮೊದಲೇ. "ಎಳೆದು ಎಳೆದು ಸಾಕಾಯ್ತು. ಬಲೆ ಹರಿದ್ರೂ ಇದು ಸಾಯಲ್ಲ."

ಕೆಳಗೆ ಮಿತ್ಸುಯೋ ನಕ್ಕಳು. ನಗುವಾಗ ಕುಡುಗೋಲು ನಿಲ್ಲಿಸಲಿಲ್ಲ. ಮರುದಿನವೂ ಅದೇ ಆಯಿತು, ಅದರ ಮರುದಿನವೂ. ಕೊನೆಗೆ ಬಂಡೆಯಂಚಿನ ಮರದ ಬುಡವೂ ಬೋಳಾಯಿತು. ದ್ವೀಪದಲ್ಲಿ ಅಷ್ಟು ಸೊಟ್ಟಪಟ್ಟ ಕೊಯ್ದ ಜಾಗ ಇನ್ನೊಂದಿರಲಿಲ್ಲ. ಅದು ಯಾರ ಜಾಗ ಎಂದು ಕೇಳಿದವರೂ ಇರಲಿಲ್ಲ.

ಆ ಶರತ್ಕಾಲದಲ್ಲಿ ಬಲೆ ತುಂಬಿತು. ಪಟ್ಟಿ ಬಿಚ್ಚಿದ ಮೇಲೆ ಮಿತ್ಸುಯೋ ತಾನೇ ಗಾಣ ಒತ್ತಿದಳು. ಕೈ ಸ್ವಲ್ಪ ಸೊಟ್ಟ ಕೂಡಿತ್ತು, ಎಣ್ಣೆ ಎಂದಿನಂತೆಯೇ ಇಳಿಯಿತು.

ಚಳಿ ಶುರುವಾದಾಗ ಶಿಮಾ ಖಾಲಿ ಸೀಸೆಯೊಂದನ್ನು ಹಿಡಿದು ಬಾಗಿಲಿಗೆ ಬಂದಳು.

"ಮೀನಿನ ತಲೆಗೆ ಹಾಕಿ ಉಳಿದದ್ದು ಏನಾದ್ರೂ ಇದ್ಯಾ?"

"ನಿಮ್ಮ ಮನೆ ಎಣ್ಣೆ ಏನಾಯ್ತು ಅಕ್ಕ?"

"ಪೀಪಾಯಿ ತುಂಬ ಇದೆ. ಮೊಮ್ಮಗಳ ಮದುವೆಯಲ್ವಾ. ತುರುಬಿಗೆ ಅದು ಬೇಡ್ವಂತೆ ಅವಳಿಗೆ. ಚಿಕ್ಕಜ್ಜಿದೇ ಆಗ್ಬೇಕಂತೆ." ಶಿಮಾ ಬೇರೆ ಕಡೆ ನೋಡಿದಳು. "ನಾನೇನೂ ಹೇಳ್ಕೊಟ್ಟಿಲ್ಲ."

ಮಿತ್ಸುಯೋ ಮೊದಲ ಒತ್ತಿನ ಎಣ್ಣೆಯ ಜಾಡಿ ತಂದು, ಸೀಸೆಯ ಕುತ್ತಿಗೆಯವರೆಗೆ ಸುರಿದು, ಬಿರಡೆ ಹಾಕಿ ಒರೆಸಿ ಕೊಟ್ಟಳು. ಶಿಮಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ವಾಪಸು ಚಾಚಿದಳು.

"ಚೀಟಿ ಅಂಟಿಸೇ. ಬೀಗರ ಮನೆಯೋರು ಹೆಸರು ಓದ್ಲಿ."