ಕಾರ್ಡು ತೋರ್ಸಿ

ಸೇಂಟ್ ಪಾಲ್ ಊರಿನ ಆ ಚಾರ್ಟರ್ ಶಾಲೆಯಲ್ಲಿ ಶಾಲೆ ಬಿಡುವ ಗಂಟೆ ಹೊಡೆಯಿತೆಂದರೆ ಮಿಸ್ ಓತಿಲಿಯಾ ಕನ್ನಡಕ ಏರಿಸಿ ಕಚೇರಿಯ ಕಿಟಕಿಯ ಹಿಂದೆ ಕೂರುತ್ತಾಳೆ. ಹೊರಗೆ ಹಿಮ ಹಿಂಜಿದ ಹತ್ತಿಯಂತೆ ತೇಲುತ್ತಿರುತ್ತದೆ, ನಾನಾ ದೇಶಗಳ ಅಮ್ಮಂದಿರು ಉಸಿರಿನಿಂದ ಗಾಜು ಮಸುಕಾಗಿಸುತ್ತ ನಿಂತಿರುತ್ತಾರೆ. ಗುರುತಿನ ಕಾರ್ಡು ನೋಡದೆ ಯಾರ ಕೈಗೂ ಮಗುವನ್ನು ಒಪ್ಪಿಸಬಾರದೆಂಬುದು ಶಾಲೆಯ ನಿಯಮ. ಅವಳಿಗೆ ಅದೇ ಜಪ. “ನಿನ್ನೆ ತಾನೆ ನಮ್ಮನೇಲಿ ಕೂತು ಸಂಬೂಸಾ ತಿಂದ್ಯಲ್ಲೇ, ಇವತ್ತು ನಾನ್ಯಾರು ಅಂತ ಗೊತ್ತಿಲ್ವಾ?” ಎಂದು ಸೊಮಾಲಿಯಾದ ಹೊದನ್ ರೇಗಿದರೆ, “ಸಂಬೂಸಾ ಚೆನ್ನಾಗಿತ್ತಕ್ಕಾ, ಕಾರ್ಡು ತೋರ್ಸು” ಎನ್ನುತ್ತಾಳೆ. ಸ್ವಂತ ಮಗಳನ್ನು ಕರೆದೊಯ್ಯಲು ಬಂದ ಹೆಡ್‌ಮಾಸ್ತರರನ್ನೂ ಬಿಟ್ಟವಳಲ್ಲ. ಕ್ರಿಸ್‌ಮಸ್ ತಾತ ಬಂದರೂ ಗಡ್ಡ ಸರಿಸಿ ನೋಡುತ್ತಾಳೆಂದು ಜನ ಆಡಿಕೊಳ್ಳುತ್ತಾರೆ. ಮಕ್ಕಳೆಲ್ಲ ಹೋದಮೇಲೆ, ಪಕ್ಕದ ಮನೆಯವಳ ಕೈ ಹಿಡಿದು, ಟೋಪಿಯ ಹಿಮ ಕೊಡವುತ್ತ ಮಿಸ್ ಓತಿಲಿಯಾಳ ಅಪ್ಪ ಎವುಸೆಬಿಯೊ ಬರುತ್ತಾನೆ. “ಕಾರ್ಡು ತೋರ್ಸಪ್ಪಾ.” ಮುದುಕ ಜೇಬು ತಡಕಿ ಕಾರ್ಡು ತೆಗೆದು, ಅದರ ಮೇಲಿನ ಹೆಸರನ್ನು ಬೇರೆ ಯಾರದೋ ಎಂಬಂತೆ ನಿಧಾನವಾಗಿ ಓದುತ್ತಾನೆ, ಓದುತ್ತ ಓದುತ್ತ ಅದು ತನ್ನದೇ ಎಂದು ಹೊಳೆದು ಮುಖ ಅರಳುತ್ತದೆ. “ಯಾವ ಮಗೂನ ಕರ್ಕೊಂಡ್ಹೋಗೋಕೆ ಬಂದಿದೀಯಪ್ಪಾ?” ಅವನು ಗಾಜಿನಾಚೆಯ ಅವಳ ನರೆಗೂದಲನ್ನೇ ನೋಡುತ್ತ ನಿಲ್ಲುತ್ತಾನೆ. ಕೊನೆಗೆ ಅವಳ ಚಿಕ್ಕಂದಿನ ಹೆಸರು ಎಲ್ಲಿಂದಲೋ ತೇಲಿ ಬರುತ್ತದೆ: “ತಿಲಿನ. ನನ್ನ ಮಗಳು.” ಆ ಹೆಸರು ಬರುವ ತನಕ ಮಿಸ್ ಓತಿಲಿಯಾ ಕುರ್ಚಿಯಿಂದ ಏಳುವುದಿಲ್ಲ, ಈಚೀಚೆಗೆ ಅಷ್ಟರಲ್ಲಿ ಬೀದಿದೀಪ ಹತ್ತಿರುತ್ತದೆ.